ಕೌನ್ಸಿಲ್ ಮನೆಯೇನೋ ಸಿಗುತ್ತೆ, ಊರಿಗೆ ಟಿಕೆಟ್ ಮಾಡಿಸೋ ಮುಂಚೆ ಸ್ವಲ್ಪ ಕೇಳಿ

ಕೌನ್ಸಿಲ್ ಮನೆ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ, ಅಂದ ಕೂಡಲೇ ನಮ್ಮವರು ಮೊದಲು ಕೇಳುವುದು "ಬಾಡಿಗೆ ಎಷ್ಟು?" ಅಂತ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಮತ್ತು ಸರ್ಕಾರಿ ಭತ್ಯೆಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ, ಕಡಿಮೆ ಆದಾಯದ ವಯಸ್ಸಾದವರಿಗೆ ಬಾಡಿಗೆ ಅಷ್ಟು ದೊಡ್ಡ ತಲೆನೋವಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಊರಲ್ಲಿರುವ ಮನೆ, ಚಳಿಗಾಲದಲ್ಲಿ ಊರಿಗೆ ಹೋಗಿ ಮೂರು ತಿಂಗಳು ಇದ್ದು ಬರುವ ರೂಢಿ, ಜೊತೆಗೇ ಇರುವ ಮಗ, ಮತ್ತೆ ಯಾರು ಕೇಳಿದರೂ "ಚೆನ್ನಾಗಿದೀವಿ" ಅನ್ನುವ ನಮ್ಮ ಬಾಯಿ. ಕೈ ಕಚ್ಚುವುದು ಇವೇ.

ಬಾಡಿಗೆ ವಿಷಯ ಮೊದಲು ಮುಗಿಸಿಬಿಡೋಣ. ಕೌನ್ಸಿಲ್‌ನ ಹಳೇ ಮನೆಗಳಿಗೆ ಇರುವುದು 'ಸೋಷಿಯಲ್ ರೆಂಟ್'. ಅದಕ್ಕೆ ಸರ್ಕಾರದ್ದೇ ಒಂದು ಲೆಕ್ಕ ಇದೆ. ಲಂಡನ್ನಿನಂಥ ಕಡೆ ಇದು ಖಾಸಗಿ ಬಾಡಿಗೆಯ ಅರ್ಧಕ್ಕಿಂತಲೂ ಕಡಿಮೆ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಏರುತ್ತದೆ. ಹಿಂದಿನ ಸೆಪ್ಟೆಂಬರ್‌ನ ಬೆಲೆಯೇರಿಕೆ ದರದ ಮೇಲೆ ಶೇಕಡಾ 1 ಸೇರಿಸಬಹುದು, ಅಷ್ಟೇ. 2025ರ ಏಪ್ರಿಲ್‌ನಲ್ಲಿ ಹೀಗೆ ಶೇಕಡಾ 2.7 ಏರಿತು. 'ಅಫೋರ್ಡಬಲ್ ರೆಂಟ್' ಅಂತ ಇನ್ನೊಂದಿದೆ, ಹೆಸರು ನೋಡಿ ಮೋಸ ಹೋಗಬೇಡಿ. ಅದು ಮಾರುಕಟ್ಟೆ ಬಾಡಿಗೆಯ ಶೇಕಡಾ 80ರವರೆಗೂ ಇರಬಹುದು.

ಈ ಬಾಡಿಗೆಯನ್ನೂ ಕಟ್ಟಲು ಆಗದವರಿಗೆ ಹೌಸಿಂಗ್ ಬೆನಿಫಿಟ್ ಇದೆ. ಪಿಂಚಣಿ ವಯಸ್ಸು ದಾಟಿದವರು, ದುಡಿಯುವ ವಯಸ್ಸಿನವರಿಗಿರುವ ಭತ್ಯೆಯಾದ ಯೂನಿವರ್ಸಲ್ ಕ್ರೆಡಿಟ್‌ನ ಗೋಜಿಗೆ ಹೋಗಬೇಕಿಲ್ಲ, ಕೌನ್ಸಿಲ್‌ಗೇ ಅರ್ಜಿ ಹಾಕಿದರೆ ಸಾಕು. 2025-26ರ ಲೆಕ್ಕದಲ್ಲಿ ಒಬ್ಬರೇ ಇರುವವರ ವಾರದ ಆದಾಯ 227.10 ಪೌಂಡ್‌ಗಿಂತ, ದಂಪತಿಯದು 346.60 ಪೌಂಡ್‌ಗಿಂತ ಕಡಿಮೆ ಇದ್ದರೆ ಪೆನ್ಷನ್ ಕ್ರೆಡಿಟ್ ಆ ಮಟ್ಟಕ್ಕೆ ತುಂಬಿಕೊಡುತ್ತದೆ. ಹೀಗೆ ತುಂಬಿಕೊಡುವ, 'ಗ್ಯಾರಂಟಿ' ಅನ್ನುವ ಭಾಗ ಒಮ್ಮೆ ಸಿಕ್ಕಿತೆಂದರೆ ಸಾಮಾನ್ಯವಾಗಿ ಪೂರ್ತಿ ಬಾಡಿಗೆಗೂ ಹೌಸಿಂಗ್ ಬೆನಿಫಿಟ್ ಬರುತ್ತದೆ, ಮನೆಗೆ ಕಟ್ಟುವ ಸ್ಥಳೀಯ ತೆರಿಗೆ, ಕೌನ್ಸಿಲ್ ಟ್ಯಾಕ್ಸೂ ಬಹುಪಾಲು ಮನ್ನಾ ಆಗುತ್ತದೆ. ಮನೆವಾರ್ತೆ ನೋಡಿಕೊಂಡೇ ಜೀವನ ಕಳೆದ ಹೆಂಗಸರಿಗೆ ಇದು ತುಂಬಾ ಮುಖ್ಯ. ಸರ್ಕಾರದ ಹೊಸ ಪಿಂಚಣಿ ಪೂರ್ತಿ ಬರಬೇಕಾದರೆ ಸಾಮಾನ್ಯವಾಗಿ 35 ವರ್ಷದ ಸರ್ಕಾರಿ ವಿಮೆಯ (ನ್ಯಾಷನಲ್ ಇನ್ಶೂರೆನ್ಸ್) ಕಂತು ಬೇಕು, ಏನಾದರೂ ಬರಬೇಕಾದರೂ 10 ವರ್ಷ ಬೇಕು. ಅಡಿಗೆಮನೆಯಲ್ಲಿ ದುಡಿದದ್ದಕ್ಕೆ ಯಾರೂ ಕಂತು ಕಟ್ಟಿರುವುದಿಲ್ಲ. ಪೆನ್ಷನ್ ಕ್ರೆಡಿಟ್‌ಗೆ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ತಿಂಗಳವರೆಗಿನದನ್ನೂ ಕೇಳಿ ತಗೋಬಹುದು. "ಸರ್ಕಾರದ ಮುಂದೆ ಕೈ ಚಾಚೋದು ಸರಿಯಲ್ಲ" ಅಂತ ಸುಮ್ನೆ ಕೂತವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಇದು ಭಿಕ್ಷೆ ಅಲ್ಲ, ಕಾನೂನಿನಲ್ಲಿ ಬರೆದಿರುವ ಹಕ್ಕು.

ಒಂದು ವಿಷಯದಲ್ಲಿ ಎಚ್ಚರ ಇರಲಿ. ಗಂಡನಿಗೆ 68, ಹೆಂಡತಿಗೆ 58 ಅಂದುಕೊಳ್ಳಿ. ನಮ್ಮ ಹಿರಿಯರಲ್ಲಿ ಹತ್ತು ವರ್ಷದ ಅಂತರ ಸಾಮಾನ್ಯ ಅಲ್ವಾ? 2019ರ ಮೇ 15ರಿಂದ ಇಂಥ ದಂಪತಿ ಹೊಸದಾಗಿ ಅರ್ಜಿ ಹಾಕಿದರೆ ಚಿಕ್ಕವರ ವಯಸ್ಸೇ ಲೆಕ್ಕ. ಯೂನಿವರ್ಸಲ್ ಕ್ರೆಡಿಟ್‌ಗೇ ಹೋಗಬೇಕು, ಹಣವೂ ಕಡಿಮೆ. ಒಂದು ಬೆಡ್‌ರೂಮು ಜಾಸ್ತಿ ಇದ್ದರೆ ಬಾಡಿಗೆ ನೆರವಿನಲ್ಲಿ ಶೇಕಡಾ 14 ಕಡಿತ ಬೇರೆ. ಇಬ್ಬರೂ ಪಿಂಚಣಿ ವಯಸ್ಸಿನವರಾದರೆ ಈ ಕಡಿತ ಇಲ್ಲ. ಆ ವಯಸ್ಸು ಈವರೆಗೆ 66 ಇತ್ತು, 2026ರ ಏಪ್ರಿಲ್‌ನಿಂದ 2028ರೊಳಗೆ ಹಂತ ಹಂತವಾಗಿ 67 ಆಗುತ್ತದೆ.

ಇನ್ನು ಮನೆ ಸಿಗುವ ವಿಚಾರ. ಇಂಗ್ಲೆಂಡಿನ ಕೌನ್ಸಿಲ್‌ಗಳ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಕಾಯುತ್ತಿವೆ. ಇದನ್ನು ಕೇಳಿಯೇ ಎಷ್ಟೋ ಜನ ಅರ್ಜಿ ಹಾಕುವುದಿಲ್ಲ. ಆದರೆ ಆ ಸರತಿ ಉದ್ದ ಇರುವುದು ಮುಖ್ಯವಾಗಿ ಮಕ್ಕಳಿರುವವರಿಗೆ ಬೇಕಾದ ದೊಡ್ಡ ಮನೆಗಳಿಗೆ. ವಯಸ್ಸಾದವರಿಗೇ ಅಂತ ಮೀಸಲಿಟ್ಟ ಒಂದು ಬೆಡ್‌ರೂಮಿನ ಫ್ಲ್ಯಾಟುಗಳು, ಅಂದರೆ ಶೆಲ್ಟರ್ಡ್ ಹೌಸಿಂಗ್, ಎಷ್ಟೋ ಊರುಗಳಲ್ಲಿ ಬೇಗ ಸಿಗುತ್ತವೆ. ಒಂದೇ ಕೋಣೆಯ ಸ್ಟುಡಿಯೋ ಆದರಂತೂ ಕೆಲವು ಕಡೆ ತಗೊಳ್ಳುವವರೇ ಇರುವುದಿಲ್ಲ. ಕೆಲವು ಕಡೆ 55 ಆಗಿದ್ದರೆ ಸಾಕು, ಕೆಲವು ಕಡೆ 60 ಆಗಿರಬೇಕು.

ಪಟ್ಟಿಗೆ ಸೇರಿದ ಮೇಲೆ ಖಾಲಿ ಮನೆಗಳಿಗೆ 'ಬಿಡ್' ಮಾಡಬೇಕು. ಹೆಸರು ಕೇಳಿದರೆ ಹರಾಜು ಅನ್ನಿಸುತ್ತದೆ, ದುಡ್ಡು ಮಾತ್ರ ಕೂಗುವಂತಿಲ್ಲ. ಈ ಮನೆ ನನಗಿರಲಿ ಅಂತ ಹೇಳುವುದು, ಅಷ್ಟೇ. ಕಂಪ್ಯೂಟರ್ ಬರದವರ ಪರವಾಗಿ ಕೌನ್ಸಿಲ್‌ನವರೇ ಬಿಡ್ ಹಾಕಿಕೊಡುವ ವ್ಯವಸ್ಥೆ ಬಹಳ ಕಡೆ ಇದೆ, ಕೇಳಬೇಕಷ್ಟೆ. ಯಾರಿಗೆ ಮೊದಲು ಅನ್ನುವುದು ನಿಮ್ಮನ್ನು ಆದ್ಯತೆಯ ಯಾವ ದರ್ಜೆಗೆ, ಅಂದರೆ ಯಾವ ಬ್ಯಾಂಡ್‌ಗೆ ಹಾಕಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಆ ಬ್ಯಾಂಡ್ ತೀರ್ಮಾನ ಆಗುವುದು ಬಹುಮಟ್ಟಿಗೆ ನೀವು ತುಂಬುವ ಆರೋಗ್ಯದ ಫಾರಂನಿಂದ.

ನಮ್ಮವರು ಎಡವುವುದು ಈ ಫಾರಂನಲ್ಲೇ. ಹೋದ ಚಳಿಗಾಲದಲ್ಲಿ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಮಗನ ಮನೆಯಲ್ಲಿ ಮೇಲಿನ ಮಹಡಿಯ ಚಿಕ್ಕ ಕೋಣೆ, ಬಚ್ಚಲು ಕೆಳಗೆ. ಫಾರಂನಲ್ಲಿ "ಮೆಟ್ಟಿಲು ಹತ್ತಲು ತೊಂದರೆ ಇದೆಯೇ?" ಅನ್ನುವ ಕಡೆ "ಸ್ವಲ್ಪ" ಅಂತ ಬರೆಸಿದ್ದರು.

"ಅಮ್ಮಾ, ರಾತ್ರಿ ಎಷ್ಟು ಸಲ ಏಳ್ತೀರಿ?"

"ಮೂರು ಸಲ ಆಗುತ್ತೆ. ಹೋಗ್ತಾ ಗೋಡೆ ಹಿಡ್ಕೋತೀನಿ. ಬರ್ತಾ ಕೈ ಊರ್ಕೊಂಡೇ ಹತ್ತೋದು."

"ಬಿದ್ದಿದ್ದು ಉಂಟಾ?"

"ದೀಪಾವಳಿ ಹೊತ್ತಿಗೆ ಒಂದು ಸಲ. ಮಗನಿಗೆ ಹೇಳ್ಲಿಲ್ಲ, ಸುಮ್ನೆ ಗಾಬರಿ ಆಗ್ತಾನೆ."

'ಸ್ವಲ್ಪ' ಅನ್ನುವ ಒಂದು ಮಾತಿನೊಳಗೆ ಇಷ್ಟೆಲ್ಲ ಇತ್ತು. ಮೂರು ಸಲ ಏಳುವುದು, ಕೈ ಊರಿ ಹತ್ತುವುದು, ಬಿದ್ದ ತಿಂಗಳು, ಇದೆಲ್ಲ ಫಾರಂನಲ್ಲಿ ಇದ್ದ ಹಾಗೇ ಇರಬೇಕು. ಡಾಕ್ಟರ ಕಾಗದದಲ್ಲಿ ಬರೀ ಕಾಯಿಲೆಯ ಹೆಸರಿದ್ದರೆ ಅಷ್ಟು ಉಪಯೋಗವಿಲ್ಲ. ಈಗಿರುವ ಮನೆಯಿಂದಾಗಿ ಆ ಕಾಯಿಲೆ ಹೇಗೆ ಕಾಡುತ್ತಿದೆ ಅನ್ನುವುದು ಅದರಲ್ಲಿ ಬರಬೇಕು. ಇಲ್ಲಿ ಮಾನ ಮರ್ಯಾದೆ ನೋಡುತ್ತಾ ಕೂತರೆ ಬ್ಯಾಂಡ್ ಕೆಳಗಿಳಿಯುತ್ತದೆ. ಇನ್ನೊಂದು ಮಾತು, ಹೇಳಲು ಕಷ್ಟವಾದರೂ ಹೇಳುತ್ತೇನೆ. ಮಗನೋ ಸೊಸೆಯೋ "ಇನ್ನು ಇಲ್ಲಿ ಆಗಲ್ಲ" ಅಂದರೆ, ಬೀದಿಗೆ ಬೀಳುವವರೆಗೂ ಕಾಯಬೇಡಿ. ಮನೆ ಹೋಗುವ ಅಪಾಯ 56 ದಿನದೊಳಗೆ ಇದ್ದರೇ ಕೌನ್ಸಿಲ್ ನೆರವಿಗೆ ಬರಬೇಕು ಅಂತ ಕಾನೂನಿದೆ. ವಯಸ್ಸಿನಿಂದಾಗಿ ಅಸಹಾಯಕರಾದವರು ಆದ್ಯತೆಯ ಗುಂಪಿಗೆ ಸೇರುತ್ತಾರೆ.

ಭಾರತದಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರು ಪದೇ ಪದೇ ಕೇಳುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಕೌನ್ಸಿಲ್ ಮನೆಯ ಮಾತೇ ಇಲ್ಲ. ಅವಲಂಬಿತ ಪೋಷಕರ ವೀಸಾದಲ್ಲಿ ಬಂದಿದ್ದರೆ, ನೋಡಿಕೊಳ್ಳುತ್ತೇನೆ ಅಂತ ಮಗ ಅಥವಾ ಮಗಳು ಬರೆದುಕೊಟ್ಟಿರುತ್ತಾರೆ. ಹಾಗಾಗಿ ಐದು ವರ್ಷ ಇದ್ಯಾವುದೂ ಸಿಗುವುದಿಲ್ಲ.

ಈಗ ಊರಿನ ಆಸ್ತಿಗೆ ಬರೋಣ. ಮೈಸೂರಿನಲ್ಲಿ ಒಂದು ಮನೆ, ಹಾಸನದ ಕಡೆ ಎರಡು ಎಕರೆ, ಅಣ್ಣತಮ್ಮಂದಿರ ಜೊತೆ ಪಾಲಾಗದ ಜಮೀನು. "ಅದು ಇಂಡಿಯಾದಲ್ಲಿರೋದು, ಇವರಿಗೇನು ಸಂಬಂಧ?" ಅಂತಾರೆ. ಸಂಬಂಧ ಇದೆ. ನಿಮ್ಮ ಪಾಲಿನ ಬೆಲೆ ಬಂಡವಾಳ ಅಂತ ಲೆಕ್ಕಕ್ಕೆ ಬರುತ್ತದೆ. ಪೆನ್ಷನ್ ಕ್ರೆಡಿಟ್‌ನಲ್ಲಿ ಮೊದಲ 10,000 ಪೌಂಡ್ ಬಿಟ್ಟು, ಆಮೇಲಿನ ಪ್ರತಿ 500 ಪೌಂಡ್‌ಗೆ ವಾರಕ್ಕೆ 1 ಪೌಂಡ್ ಆದಾಯ ಇದೆ ಅಂತ ಹಿಡಿಯುತ್ತಾರೆ. ಗ್ಯಾರಂಟಿ ಭಾಗ ಸಿಗದವರಿಗೆ 16,000 ಪೌಂಡ್ ಮೀರಿದರೆ ಹೌಸಿಂಗ್ ಬೆನಿಫಿಟ್ ಇಲ್ಲವೇ ಇಲ್ಲ. ಎಲ್ಲೇ ಸ್ವಂತ ಮನೆ ಇದ್ದರೂ ಪಟ್ಟಿಗೇ ಸೇರಿಸದ ಕೌನ್ಸಿಲ್‌ಗಳೂ ಇವೆ. ಮಗನ ಹೆಸರಿಗೆ ಬರೆದುಕೊಟ್ಟು ಅರ್ಜಿ ಹಾಕೋಣ ಅನ್ನುವ ಉಪಾಯ ನಡೆಯುವುದಿಲ್ಲ. ಭತ್ಯೆಗೋಸ್ಕರ ಕೊಟ್ಟಿದ್ದು ಅಂತ ಕಂಡರೆ ಇನ್ನೂ ನಿಮ್ಮದೇ ಅಂತ ಲೆಕ್ಕ ಹಾಕುತ್ತಾರೆ. ಬ್ಯಾಂಕಿನ ಎಫ್‌ಡಿಯನ್ನು ಮುಚ್ಚಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಭಾರತ ಮತ್ತು ಬ್ರಿಟನ್ನಿನ ತೆರಿಗೆ ಇಲಾಖೆಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು 2017ರಿಂದ ಹಂಚಿಕೊಳ್ಳುತ್ತಿವೆ. ಇರುವುದನ್ನು ಇದ್ದ ಹಾಗೆ ಹೇಳಿ. ಮಾರಲು ಆಗದ ವ್ಯಾಜ್ಯದ ಜಮೀನಾದರೆ ಅದಕ್ಕೂ ದಾಖಲೆ ಕೊಡಿ, ಬೆಲೆ ಕಡಿಮೆ ಹಿಡಿಯಲು ಅವಕಾಶ ಇರುತ್ತದೆ.

ಇದಕ್ಕಿಂತಲೂ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ವಿಮಾನದ ಟಿಕೆಟ್‌ನಲ್ಲಿ. ಹೌಸಿಂಗ್ ಬೆನಿಫಿಟ್ ಮತ್ತು ಪೆನ್ಷನ್ ಕ್ರೆಡಿಟ್ ಎರಡಕ್ಕೂ 2016ರ ಜುಲೈನಿಂದ ಒಂದೇ ನಿಯಮ. ದೇಶದ ಹೊರಗೆ ನಾಲ್ಕು ವಾರ ಇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೊರಡುವಾಗಲೇ ಮೂರು ತಿಂಗಳ ರಿಟರ್ನ್ ಟಿಕೆಟ್ ಕೈಯಲ್ಲಿದ್ದರೆ ಮೊದಲ ನಾಲ್ಕು ವಾರದ್ದೂ ಸಿಗುವುದಿಲ್ಲ. ಹೊರಟಾಗಿನಿಂದಲೇ ನಿಂತುಹೋಗುತ್ತದೆ. ಅಲ್ಲಿ ಹತ್ತಿರದವರು ತೀರಿಕೊಂಡು ಬೇಗ ಬರಲಾಗದಿದ್ದರೆ ಇನ್ನೂ ನಾಲ್ಕು ವಾರ ಕೊಡುತ್ತಾರೆ. ಚಿಕಿತ್ಸೆಗೆ ಹೋದರೆ 26 ವಾರದವರೆಗೂ ಅವಕಾಶ ಇದೆ, ಆದರೆ ಹೋಗಲು ಚಿಕಿತ್ಸೆಯೇ ಕಾರಣ ಆಗಿರಬೇಕು. ಮೊಮ್ಮಗಳ ಮದುವೆ ಮುಗಿಸಿ, ಹಾಗೇ ಮಂಡಿ ಆಪರೇಷನ್ನೂ ಮಾಡಿಸಿಕೊಂಡು ಬರ್ತೀವಿ ಅಂದರೆ ಒಪ್ಪುವುದು ಕಷ್ಟ. ಹೇಳದೆ ಹೋಗಿ ಬಂದರೆ ಆ ದಿನಗಳ ಹಣವನ್ನು ಸಾಲದ ಥರ ವಾಪಸ್ ವಸೂಲಿ ಮಾಡುತ್ತಾರೆ. ಬಾಡಿಗೆಯೂ ಬಾಕಿ ಬೀಳುತ್ತದೆ.

ಇನ್ನೂ ಜಾಸ್ತಿ ದಿನ, ವರ್ಷಕ್ಕೆ ಆರೇಳು ತಿಂಗಳು ಅಲ್ಲೇ ಇದ್ದರೆ ಮನೆಗೇ ಸಂಚಕಾರ. ಕೌನ್ಸಿಲ್ ಮನೆ ನಿಮ್ಮ ಮುಖ್ಯ ಮನೆ ಆಗಿರಬೇಕು ಅನ್ನುವುದು ಮೂಲ ಷರತ್ತು. ಪಿಂಚಣಿ ಭಾರತಕ್ಕೂ ಬರುತ್ತದೆ, ಆದರೆ ಅಲ್ಲೇ ನೆಲೆಸಿದರೆ ವರ್ಷ ವರ್ಷದ ಏರಿಕೆ ಸಿಗುವುದಿಲ್ಲ.

ಮಗ ಜೊತೆಗಿದ್ದರೆ? ಶೆಲ್ಟರ್ಡ್ ಫ್ಲ್ಯಾಟಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶ ಇಲ್ಲ. ಮಾಮೂಲಿ ಕೌನ್ಸಿಲ್ ಮನೆಯಲ್ಲಿ ದುಡಿಯುವ ಮಗ ಇದ್ದರೆ, ಅವನು ಮನೆಖರ್ಚಿಗೆ ಇಂತಿಷ್ಟು ಕೊಡುತ್ತಾನೆ ಅಂತ ಹಿಡಿದು ನಿಮ್ಮ ಹೌಸಿಂಗ್ ಬೆನಿಫಿಟ್ ಕಡಿಮೆ ಮಾಡುತ್ತಾರೆ. ಅವನು ಒಂದು ಪೆನ್ನಿ ಕೊಡದಿದ್ದರೂ ಅಷ್ಟೇ. ನಿಮಗೆ ಅಟೆಂಡೆನ್ಸ್ ಅಲೋವೆನ್ಸ್ ಬರುತ್ತಿದ್ದರೆ ಈ ಕಡಿತ ಇಲ್ಲ. ಸ್ನಾನ, ಬಟ್ಟೆ, ಊಟಕ್ಕೆ ಇನ್ನೊಬ್ಬರ ಸಹಾಯ ಬೇಕಾದ ಹಿರಿಯರಿಗೆ ಕೊಡುವ ಭತ್ಯೆ ಇದು. ಆದಾಯ, ಆಸ್ತಿ ಯಾವುದನ್ನೂ ನೋಡುವುದಿಲ್ಲ. 2025-26ರಲ್ಲಿ ವಾರಕ್ಕೆ 73.90 ಅಥವಾ 110.40 ಪೌಂಡ್. ಅರ್ಜಿ ಹಾಕದೇ ಇರುವವರು ದಯವಿಟ್ಟು ಇವತ್ತೇ ವಿಚಾರಿಸಿ.

ಶೆಲ್ಟರ್ಡ್ ಮನೆಗೆ ಹೋದ ಮೇಲಿನದ್ದೂ ಒಂದೆರಡು ಹೇಳಬೇಕು. ಬಾಡಿಗೆ ಜೊತೆ ಸರ್ವೀಸ್ ಚಾರ್ಜ್ ಇರುತ್ತದೆ. ಲಿಫ್ಟ್, ಮೆಟ್ಟಿಲ ಬಳಿಯ ದೀಪ, ಎಲ್ಲರೂ ಓಡಾಡುವ ಜಾಗದ ಸ್ವಚ್ಛತೆ, ಇವಕ್ಕೆ ಹೌಸಿಂಗ್ ಬೆನಿಫಿಟ್ ಸಿಗುತ್ತದೆ. ನಿಮ್ಮ ಮನೆಯೊಳಗಿನ ಹೀಟಿಂಗ್, ಬಿಸಿನೀರು, ಎಮರ್ಜೆನ್ಸಿ ಅಲಾರಂ ಇವಕ್ಕೆ ಸಿಗುವುದಿಲ್ಲ, ಕೈಯಿಂದ ಕೊಡಬೇಕು. ಸಹಿ ಮಾಡುವ ಮುಂಚೆ ಈ ಎರಡನೇ ಭಾಗ ವಾರಕ್ಕೆಷ್ಟು ಅಂತ ಕೇಳಿ.

ಬಚ್ಚಲಲ್ಲಿ, ಮಂಚದ ಪಕ್ಕ ಚಾವಣಿಯಿಂದ ನೆಲದವರೆಗೆ ಆ ಅಲಾರಂನ ಕೆಂಪು ದಾರ ಇಳಿಬಿಟ್ಟಿರುತ್ತದೆ. ಎಳೆದರೆ ಗೋಡೆಯ ಪೆಟ್ಟಿಗೆಯಿಂದ ಯಾರೋ ಮಾತಾಡುತ್ತಾರೆ. ನೆಲ ಒರೆಸುವಾಗ ಅಡ್ಡ ಬರುತ್ತೆ ಅಂತ ಅದನ್ನು ಎತ್ತಿ ಗಂಟು ಹಾಕಿರುವುದನ್ನು ಮನೆಮನೆಯಲ್ಲೂ ಕಾಣುತ್ತೇನೆ. ಬಿದ್ದವರ ಕೈಗೆ ಎಟುಕಲಿ ಅಂತಲೇ ಅದು ನೆಲ ಮುಟ್ಟುವ ಹಾಗಿರುವುದು. ಗಂಟು ಬಿಚ್ಚಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಹೊಗೆ ಅಲಾರಂ ಕೂಗಿ, ಅದೇ ಪೆಟ್ಟಿಗೆ "ಚೆನ್ನಾಗಿದೀರಾ?" ಅಂತ ವಿಚಾರಿಸಿದರೆ ನಾಚಿಕೊಳ್ಳಬೇಡಿ. ಅಡಿಗೆ ಮಾಡ್ತಿದೀನಿ ಅಂತ ಹೇಳಿ, ಕಿಟಕಿ ತೆಗೆಯಿರಿ.

ಗೋಡೆಯಲ್ಲಿ ತೇವ, ಬೂಷ್ಟು ಕಂಡರೆ ಫೋಟೋ ತೆಗೆದು, ದಿನಾಂಕ ಹಾಕಿ, ಕೌನ್ಸಿಲ್‌ಗೆ ಬರೆದು ಕೊಡಿ. ರಾಚ್‌ಡೇಲ್‌ನಲ್ಲಿ 2020ರಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ಬೂಷ್ಟು ಹಿಡಿದ ಮನೆಯಿಂದಾಗಿ ತೀರಿಕೊಂಡಿತು. ಆ ಮಗುವಿನ ಹೆಸರಲ್ಲೇ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ತುರ್ತು ಅಪಾಯಕ್ಕೆ ಕೌನ್ಸಿಲ್‌ನವರು 24 ಗಂಟೆಯೊಳಗೆ ಬರಬೇಕು. ಗಂಭೀರ ತೇವ, ಬೂಷ್ಟಾದರೆ 10 ಕೆಲಸದ ದಿನದೊಳಗೆ ಬಂದು ನೋಡಬೇಕು, ಅಪಾಯ ಇದೆ ಅಂತ ಕಂಡರೆ ಮುಂದಿನ 5 ಕೆಲಸದ ದಿನದಲ್ಲಿ ಆ ಅಪಾಯ ಇಲ್ಲದ ಹಾಗೆ ಮಾಡಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಕೊನೆಗೆ, ಮಕ್ಕಳು ಕೇಳಲು ಹಿಂಜರಿಯುವ ಪ್ರಶ್ನೆ. ಅಪ್ಪ ಅಮ್ಮ ಹೋದ ಮೇಲೆ ಮನೆ ನಮಗೆ ಬರುತ್ತಾ? 2012ರ ಏಪ್ರಿಲ್‌ನಿಂದ ಈಚೆಗೆ ಶುರುವಾದ ಬಾಡಿಗೆಯಾದರೆ ಗಂಡ, ಹೆಂಡತಿ ಅಥವಾ ಸಂಗಾತಿಗೆ ಮಾತ್ರ, ಅದೂ ಒಂದೇ ಸಲ. ಕೊಂಡುಕೊಳ್ಳೋಣ ಅಂದರೆ, ವಯಸ್ಸಾದವರಿಗೆ ಮೀಸಲಾದ ಮನೆಗಳಿಗೆ ಸಾಮಾನ್ಯವಾಗಿ ಆ ಹಕ್ಕಿಲ್ಲ. ಒಬ್ಬರೇ ಇದ್ದವರು ತೀರಿಕೊಂಡರೆ ಹೌಸಿಂಗ್ ಬೆನಿಫಿಟ್ ಅದೇ ವಾರ ನಿಲ್ಲುತ್ತದೆ. ಬಾಡಿಗೆ ಮಾತ್ರ, ಮನೆ ಬಿಡುತ್ತೇವೆ ಅಂತ ಬರೆದುಕೊಟ್ಟು, ಸಾಮಾನ್ಯವಾಗಿ ನಾಲ್ಕು ವಾರದ ಆ ನೋಟಿಸು ಮುಗಿಯುವವರೆಗೆ ಓಡುತ್ತಲೇ ಇರುತ್ತದೆ. ಉಳಿದ ಹಣದಿಂದ ಅದನ್ನು ಕಟ್ಟಬೇಕು. ಹನ್ನೊಂದನೇ ದಿನ, ಹದಿಮೂರನೇ ದಿನ ಮುಗಿಯಲಿ ಆಮೇಲೆ ನೋಡೋಣ ಅಂತ ತಡ ಮಾಡಬೇಡಿ. ಮರಣಪತ್ರ ಕೈಗೆ ಬಂದ ದಿನವೇ ಅದರ ಪ್ರತಿಯನ್ನೂ ಮನೆ ಬಿಡುವ ಕಾಗದವನ್ನೂ ಒಟ್ಟಿಗೇ ಕೊಡಿ.