ಕೊನೆಗೆ ಕೂರಿಸುವ ಮಸೂರ ಯಾವುದು?

25 ಮಿ.ಮೀ. ವ್ಯಾಸದ ಗಾಜಿನ ಮಸೂರವೊಂದನ್ನು 25.02 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ನಳಿಗೆಯೊಳಗೆ ಇಳಿಸಬೇಕು. ಕಂಪ್ಯೂಟರ್ ಪರದೆಯ ಮೇಲೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ದಾರಿ ನೇರವಾಗಿದೆ, ಅಡ್ಡಿ ಏನೂ ಇಲ್ಲ, ಯಂತ್ರದ ಕೈ ಕೆಳಗೆ ಬಿಟ್ಟರಾಯಿತು. ಆದರೆ ನಿಜವಾದ ಮಸೂರ ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಅಂಚು 4 ಮಿ.ಮೀ. ದಪ್ಪವಿದ್ದರೆ, 0.3 ಡಿಗ್ರಿ ವಾಲಿದರೂ ಸಾಕು. ಒಂದು ಬದಿಯ ಮೇಲಂಚು ಮತ್ತು ಎದುರು ಬದಿಯ ಕೆಳಂಚು ಒಟ್ಟಿಗೆ ಗೋಡೆಗೆ ತಾಗುತ್ತವೆ. ಅಲ್ಲಿಂದ ಮುಂದೆ ಒತ್ತಿದಷ್ಟೂ ಬಿಗಿಯಾಗುತ್ತಾ ಹೋಗಿ, ಕಡೆಗೆ ಗಾಜಿನ ಅಂಚಿನಿಂದ ಚಕ್ಕೆ ಏಳುತ್ತದೆ.

ಸಡಿಲ ಹೆಚ್ಚಿಸಿದರೆ ಆಗದೇ ಎಂದು ಕೇಳಬಹುದು. ಆಗ ಬೆಳಕು ದಾರಿ ತಪ್ಪುತ್ತದೆ. ಈಗಿರುವ 0.02 ಮಿ.ಮೀ. ಸಡಿಲದಲ್ಲೇ ಮಸೂರದ ಕೇಂದ್ರ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಪಕ್ಕಕ್ಕೆ ಸರಿಯಬಹುದು. ಹಾಗಾದರೆ ಸಡಿಲವನ್ನು ಕಡಿಮೆ ಮಾಡೋಣವೆಂದರೆ ಚಳಿ ಬಿಡುವುದಿಲ್ಲ. ತಾಪಮಾನ 40 ಡಿಗ್ರಿ ಇಳಿದಾಗ ಅಲ್ಯೂಮಿನಿಯಂ ನಳಿಗೆ ಗಾಜಿಗಿಂತ ಸುಮಾರು 16 ಮೈಕ್ರಾನ್ ಹೆಚ್ಚು ಕುಗ್ಗುತ್ತದೆ. ಸಡಿಲ 10 ಮೈಕ್ರಾನ್ ಮಾತ್ರ ಇದ್ದರೆ ಮಸೂರ ಹಿಂಡಿಹೋಗುತ್ತದೆ. ಇಳಿಸುವಾಗ ನಳಿಗೆಯನ್ನು 40 ಡಿಗ್ರಿ ಬಿಸಿ ಮಾಡುವುದು ಒಳ್ಳೆಯ ಉಪಾಯ, ಒಳವ್ಯಾಸ 23 ಮೈಕ್ರಾನ್ ಹಿಗ್ಗುತ್ತದೆ. ಆದರೆ ಹಾಗೆ ಮಾಡಿದರೆ ಬಿಸಿ ಮಾಡುವುದು, ಆರುವವರೆಗೆ ಕಾಯುವುದು ಎಂಬ ಎರಡು ಹೆಜ್ಜೆಗಳು ಜೋಡಣೆಯ ಯೋಜನೆಗೆ ಸೇರುತ್ತವೆ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಹೋಗಲು ಸಣ್ಣ ತೋಡು ಕೊರೆಯುವುದನ್ನೂ ಮರೆಯಬಾರದು.

ಬಿಡಿಭಾಗಗಳನ್ನು ಯಾವ ಕ್ರಮದಲ್ಲಿ ಕೂಡಿಸಬೇಕೆಂದು ಕಂಪ್ಯೂಟರೇ ಕಂಡುಹಿಡಿಯುವಂತೆ ಮಾಡುವ ಸಂಶೋಧನೆ 1980ರ ದಶಕದಲ್ಲಿ ಬಿರುಸಾಯಿತು. ಹತ್ತು ಭಾಗಗಳಿಗೆ 36,28,800 ಕ್ರಮಗಳಿವೆ, ಒಂದೊಂದನ್ನೂ ಪರೀಕ್ಷಿಸುತ್ತ ಕೂರಲಾಗದು. ಫ್ರಾನ್ಸಿನ ಬೂರ್ಜೋ 1984ರಲ್ಲಿ ಭಾಗಗಳ ನಡುವಿನ ಕೂಡುವಿಕೆಗಳ ಬಗ್ಗೆ ಹೌದು–ಇಲ್ಲ ಪ್ರಶ್ನೆಗಳನ್ನು ಕೇಳುತ್ತ ಕ್ರಮವನ್ನು ಹೊರತೆಗೆಯುವ ವಿಧಾನ ತೋರಿಸಿದರು. 1987ರಲ್ಲಿ ಡಿ ಫಾಜಿಯೊ ಮತ್ತು ವಿಟ್ನಿ ಅದನ್ನು ಪ್ರತಿ ಕೂಡುವಿಕೆಗೆ ಎರಡೇ ಪ್ರಶ್ನೆಗಳಿಗೆ ಇಳಿಸಿದರು: ಇದಕ್ಕಿಂತ ಮುಂಚೆ ಯಾವುದು ಆಗಿರಲೇಬೇಕು? ಇದಾಗುವ ತನಕ ಯಾವುದು ಆಗಿರಲೇಬಾರದು? ಇನ್ನೊಂದು ದಾರಿ, ಪೂರ್ತಿ ಜೋಡಿಸಿದ ವಸ್ತುವನ್ನು ಪರದೆಯ ಮೇಲೆ ಬಿಚ್ಚುತ್ತ ಹೋಗಿ, ಆ ಕ್ರಮವನ್ನು ತಿರುವುಮುರುವು ಮಾಡುವುದು. ಗಟ್ಟಿ ಭಾಗಗಳಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ.

ಮಸೂರಗಳ ಜೋಡಣೆಯಲ್ಲಿ ಈ ಲೆಕ್ಕ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ನಳಿಗೆಯ ಒಳಗೋಡೆ ಮೆಟ್ಟಿಲು ಮೆಟ್ಟಿಲಾಗಿದ್ದರೆ ಚಿಕ್ಕ ಮಸೂರ ಮೊದಲು ಹೋಗಬೇಕು, ಮಧ್ಯೆ ಬೆಳಕಿನ ತಡೆ (ನಡುವೆ ತೂತಿರುವ ಬಿಲ್ಲೆ) ಇದ್ದರೆ ನಳಿಗೆಯನ್ನು ಒಮ್ಮೆ ಮಗುಚಬೇಕು. ಇಷ್ಟನ್ನು ರೇಖಾಗಣಿತವೇ ಹೇಳುತ್ತದೆ. ಕೂಡಿಸಿ ಮುಗಿದ ಮೇಲೆ ಚಿತ್ರ ಸ್ಪಷ್ಟವಾಗಿ ಮೂಡುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಬೆಳಕಿನ ಲೆಕ್ಕವನ್ನೂ ಜೊತೆಗೇ ಮಾಡಬೇಕು. ಪ್ರತಿ ಮಸೂರವನ್ನೂ ಕಂಪ್ಯೂಟರಿನಲ್ಲಿ 10 ಮೈಕ್ರಾನ್ ಸರಿಸಿ, ಚೂರು ವಾಲಿಸಿ, ಚಿತ್ರ ಎಷ್ಟು ಕೆಡುತ್ತದೆಂದು ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರುವ ಒಂದನ್ನು ಆರಿಸಿ, ಅದನ್ನು ಸರಿದೂಗಿಸುವ ಮಸೂರವಾಗಿ ಇಟ್ಟುಕೊಳ್ಳುತ್ತಾರೆ. ಉಳಿದವುಗಳಲ್ಲಿ ಕೂಡುತ್ತ ಬಂದ ತಪ್ಪನ್ನೆಲ್ಲ ಕೊನೆಗೆ ಇದನ್ನು ಸರಿಸಿ ತೀರಿಸಬೇಕು. ತೊಂದರೆ ಏನೆಂದರೆ, ಬೆಳಕಿನ ಲೆಕ್ಕ ಆರಿಸುವ ಮಸೂರ ಎಷ್ಟೋ ಸಲ ನಳಿಗೆಯ ನಟ್ಟನಡುವೆ ಹೂತುಹೋಗಿರುತ್ತದೆ. ಕೊನೆಗೆ ಮುಟ್ಟಬೇಕಾದದ್ದು ಮೊದಲೇ ಮುಚ್ಚಿಹೋಗಿರುತ್ತದೆ! ಗೋಡೆಯಲ್ಲಿ 120 ಡಿಗ್ರಿ ಅಂತರದಲ್ಲಿ ಮೂರು ರಂಧ್ರ ಕೊರೆದು ಸಣ್ಣ ತಿರುಪುಗಳಿಂದ ತಳ್ಳುವಂತೆ ಮಾಡಬೇಕು, ಇಲ್ಲವೇ ಮಸೂರಗಳ ವಿನ್ಯಾಸವನ್ನೇ ಬದಲಿಸಬೇಕು. ನಕ್ಷೆಯ ಹಂತದಲ್ಲೇ ಇದು ತಿಳಿದರೆ ಒಂದು ಗೆರೆ ತಿದ್ದಿದರೆ ಮುಗಿಯಿತು. ನಳಿಗೆ ಕಡೆದ ಮೇಲೆ ತಿಳಿದರೆ ನಳಿಗೆಯೇ ಗುಜರಿಗೆ. ಜೋಡಣೆಯ ಯೋಜನೆಯನ್ನು ವಿನ್ಯಾಸ ಮುಗಿದ ಮೇಲಿನ ಕೆಲಸವೆಂದು ಪಕ್ಕಕ್ಕಿಡುವುದು ಈ ಕ್ಷೇತ್ರದ ಅತಿ ದುಬಾರಿ ಅಭ್ಯಾಸ.

ಅಳತೆಯೂ ಜೋಡಣೆಯ ಒಂದು ಹೆಜ್ಜೆಯೇ. ಮಸೂರದ ನಡುವಿನ ದಪ್ಪ 0.05 ಮಿ.ಮೀ. ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಬಂದ ಮಸೂರವನ್ನು ಅಳೆದು, ಆ ನಿಜವಾದ ಸಂಖ್ಯೆಗಳಿಂದ ಲೆಕ್ಕವನ್ನು ಮತ್ತೆ ಮಾಡಿ, ತಕ್ಕ ದಪ್ಪದ ಅಂತರದ ಬಳೆಯನ್ನು ನಡುವೆ ಹಾಕಬೇಕು. ಅಳತೆಗೋಲೇ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಹಬಲ್ ದೂರದರ್ಶಕ ಸಾಕ್ಷಿ. ಅದರ 2.4 ಮೀಟರ್ ಕನ್ನಡಿಯನ್ನು ಪರೀಕ್ಷಿಸಿದ ಉಪಕರಣದಲ್ಲಿ ಒಂದು ಮಸೂರ 1.3 ಮಿ.ಮೀ. ತಪ್ಪು ಜಾಗದಲ್ಲಿತ್ತು. ಆ ಮಸೂರದ ಜಾಗವನ್ನು ಒಂದು ಅಳತೆಯ ಸರಳಿನಿಂದ ಗೊತ್ತುಮಾಡುವಾಗ, ಅಳತೆಯ ಬೆಳಕು ಸರಳಿನ ತುದಿಯಿಂದ ಪ್ರತಿಫಲಿಸಬೇಕಿತ್ತು. ತುದಿಗೆ ಹಾಕಿದ್ದ ಟೊಪ್ಪಿಗೆಯ ಮೇಲೆ ಬಣ್ಣ ಕಿತ್ತುಹೋದ ಚುಕ್ಕೆಯೊಂದರಿಂದ ಅದು ಪ್ರತಿಫಲಿಸಿಬಿಟ್ಟಿತು. ಕನ್ನಡಿ ಬಹಳ ನುಣುಪಾಗಿ, ಬಹಳ ನಿಖರವಾಗಿ, ತಪ್ಪು ಆಕಾರಕ್ಕೆ ಉಜ್ಜಲ್ಪಟ್ಟಿತು. ಅಂಚಿನಲ್ಲಿ ಸುಮಾರು 2 ಮೈಕ್ರಾನ್ ಹೆಚ್ಚು ಸವೆದಿತ್ತು. ಬೇರೆ ಪರೀಕ್ಷೆಗಳು ದೋಷವನ್ನು ತೋರಿಸಿದ್ದವು, ಅವನ್ನು ಯಾರೂ ನಂಬಲಿಲ್ಲ. 1990ರಲ್ಲಿ ಹಾರಿದ ದೂರದರ್ಶಕದ ದೃಷ್ಟಿ ಸರಿಹೋದದ್ದು 1993ರ ಡಿಸೆಂಬರಿನಲ್ಲಿ.

ಮೊಬೈಲ್ ಕ್ಯಾಮೆರಾದಲ್ಲಿ ಈ ಕಷ್ಟವೆಲ್ಲ, ಮಸೂರವನ್ನು ಚಿತ್ರ ಹಿಡಿಯುವ ಸಂವೇದಕದ ಮೇಲೆ ಕೂರಿಸುವ ಅಂಟಿನ ಒಂದು ತೆಳು ಗೆರೆಗೆ ಬಂದು ನಿಲ್ಲುತ್ತದೆ. ಬೆಳಕಿನ ಕಿಂಡಿ ಅಗಲವಾಗಿರುವ ಎಫ್/1.8 ಮಸೂರಕ್ಕೆ ಸ್ಪಷ್ಟತೆ ಕೆಡದಂತೆ ಇರುವ ಅವಕಾಶ ಹಿಂದಕ್ಕೂ ಮುಂದಕ್ಕೂ ಸುಮಾರು 3.6 ಮೈಕ್ರಾನ್ ಮಾತ್ರ. ಯಂತ್ರ ಮಸೂರವನ್ನು ಹಿಡಿದು, ಸಂವೇದಕವನ್ನು ಚಾಲೂ ಇಟ್ಟು, ಪರೀಕ್ಷಾ ಚಿತ್ರವನ್ನು ನೋಡುತ್ತ ಮೇಲೆ ಕೆಳಗೆ ಸರಿಸುತ್ತದೆ. ನಾಲ್ಕು ಮೂಲೆಗಳೂ ಒಂದೇ ಎತ್ತರದಲ್ಲಿ ಸ್ಪಷ್ಟವಾಗದಿದ್ದರೆ ಮಸೂರ ವಾಲಿದೆ ಎಂದರ್ಥ. 6 ಮಿ.ಮೀ. ದೂರದ ಎರಡು ಮೂಲೆಗಳ ನಡುವೆ 12 ಮೈಕ್ರಾನ್ ವ್ಯತ್ಯಾಸ ಬಂದರೆ ವಾಲಿಕೆ 0.11 ಡಿಗ್ರಿ. ಅದನ್ನು ತಿದ್ದಿ, ಅತಿನೇರಳೆ ಬೆಳಕು ಹಾಯಿಸಿ ಅಂಟನ್ನು ಗಟ್ಟಿ ಮಾಡುತ್ತಾರೆ.

ಗಟ್ಟಿಯಾಗುವಾಗ ಅಂಟು ಕುಗ್ಗುತ್ತದೆ. 0.2 ಮಿ.ಮೀ. ದಪ್ಪದ ಅಂಟು ಶೇ. 2ರಷ್ಟು ಕುಗ್ಗಿದರೂ ಮಸೂರ 4 ಮೈಕ್ರಾನ್ ಕೆಳಗಿಳಿಯುತ್ತದೆ. ಇದ್ದ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು. ಅದಕ್ಕೇ ಮಸೂರವನ್ನು ಮೊದಲೇ ಅಷ್ಟು ಎತ್ತರದಲ್ಲಿ ಹಿಡಿದು ಅಂಟಿಸುತ್ತಾರೆ. ಅಂಟಿನ ಗೆರೆ ಒಂದು ಕಡೆ 0.1, ಇನ್ನೊಂದು ಕಡೆ 0.3 ಮಿ.ಮೀ. ಇದ್ದರೆ ಈ ಉಪಾಯವೂ ಸಾಲದು. ಒಂದು ಬದಿ 2, ಮತ್ತೊಂದು ಬದಿ 6 ಮೈಕ್ರಾನ್ ಇಳಿದು, ತಿದ್ದಿದ ವಾಲಿಕೆ ಮರಳಿ ಬರುತ್ತದೆ. ಅಂಟಿದ ಮೇಲೆ ಬಿಚ್ಚಲಾಗದು, ಬಿಚ್ಚುವ ಕ್ರಮವನ್ನು ತಿರುವಿ ಜೋಡಿಸುವ ಜಾಣ್ಮೆಗೆ ಇಲ್ಲಿ ಜಾಗವಿಲ್ಲ. ಹಾಗಾಗಿ ಒಳ್ಳೆಯ ಯೋಜನೆ ಅಂಟನ್ನು ಒಮ್ಮುಖದ ಬಾಗಿಲಾಗಿ ಗುರುತಿಸುತ್ತದೆ. ದೂಳು ಊದುವುದು, ಮೂಲೆಗಳ ಸ್ಪಷ್ಟತೆ ನೋಡುವುದು, ಅಂಟಿನ ಗೆರೆಯ ದಪ್ಪವನ್ನು ಸುತ್ತಲೂ ಅಳೆಯುವುದು, ಎಲ್ಲವನ್ನೂ ಅತಿನೇರಳೆ ದೀಪ ಹೊತ್ತುವ ಮುಂಚಿನ ಸಾಲಿಗೆ ಸೇರಿಸುತ್ತದೆ.