ಬೀಡಿ ಕಟ್ಟುವ ಹೆಬ್ಬೆರಳು, ಅಡಿಕೆ ಸುಲಿಯುವ ಮಣಿಕಟ್ಟು: ಕೈಯ ಕೀಲು ಬದಲಿಸುವ ಮುನ್ನ

ಮೊಣಗಂಟು ಬದಲಿಸಿಕೊಂಡವರು ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಹಾಗಾಗಿ ಬೆರಳು ಸೊಟ್ಟಗಾಗಿ, ಹೆಬ್ಬೆರಳ ಬುಡ ನೋಯುತ್ತಾ ಬರುವವರು ಕೇಳುವ ಮೊದಲ ಪ್ರಶ್ನೆ ಒಂದೇ: ಕಾಲಿನ ಗಂಟು ಬದಲಿಸಬಹುದಾದರೆ ಕೈಯದ್ದು ಯಾಕಾಗದು? ಆಗುತ್ತದೆ. ಆದರೆ ಒಂದು ಕೈಯಲ್ಲಿ ಇಪ್ಪತ್ತೇಳು ಎಲುಬುಗಳಿವೆ. ಪ್ರತಿ ಕೀಲಿನ ಕೆಲಸ ಬೇರೆ, ಉತ್ತರವೂ ಬೇರೆ. ಒಂದು ಕಡೆ ಕೃತಕ ಕೀಲು ಕೂರಿಸುತ್ತೇವೆ, ಒಂದು ಕಡೆ ಎರಡು ಎಲುಬು ಸೇರಿಸಿ ಬೆಸೆಯುತ್ತೇವೆ, ಇನ್ನೊಂದು ಕಡೆ ಸವೆದ ಎಲುಬನ್ನೇ ತೆಗೆದುಬಿಡುತ್ತೇವೆ. ಯಾವ ಕಂಪೆನಿಯ ಇಂಪ್ಲಾಂಟ್ ಎಂಬುದಕ್ಕಿಂತ ಯಾವ ಕೀಲು, ಆ ಕೈ ನಾಳೆ ಯಾವ ಕೆಲಸಕ್ಕೆ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಹೆಬ್ಬೆರಳ ಬುಡದಿಂದಲೇ ಶುರುಮಾಡೋಣ. ಬೀಡಿ ಎಲೆ ಸುರುಳಿ ಸುತ್ತುವಾಗ, ಅಡಿಕೆ ಚಿವುಟಿ ಹಿಡಿಯುವಾಗ, ಒದ್ದೆ ಬಟ್ಟೆ ಹಿಂಡುವಾಗ ಭಾರವೆಲ್ಲ ಬೀಳುವುದು ಅಲ್ಲಿಗೆ. ತುದಿಯಲ್ಲಿ 1 ಕಿಲೋದಷ್ಟು ಬಲ ಹಾಕಿ ಚಿವುಟಿದರೆ ಹೆಬ್ಬೆರಳ ತುದಿ ಗಂಟಿನಲ್ಲಿ ಸುಮಾರು 3 ಕಿಲೋ, ನಡು ಗಂಟಿನಲ್ಲಿ 5 ಕಿಲೋ, ಬುಡದಲ್ಲಿ 12 ಕಿಲೋ ಒತ್ತಡ ಬೀಳುತ್ತದೆ ಎಂದು 1970ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ. ದಿನಕ್ಕೆ ನೂರಾರು ಬೀಡಿ ಕಟ್ಟುವ ಕೈಗೆ ಇದನ್ನು ಗುಣಿಸಿ ನೋಡಿ. ಬುಡದ ಗಂಟು ಮೆಟ್ಟಿಲಿನಂತೆ ಹೊರಕ್ಕೆ ಉಬ್ಬಿಕೊಂಡಿದ್ದರೆ, ಬಾಟಲಿಯ ಮುಚ್ಚಳ ತಿರುಗಿಸುವಾಗ ಚುಚ್ಚಿದಂತಾದರೆ ಅಲ್ಲಿಯ ಮೃದ್ವಸ್ಥಿ, ಅಂದರೆ ಎಲುಬಿನ ತುದಿಯ ನುಣುಪು ಪದರ, ಸವೆದಿದೆ ಎಂದೇ ಲೆಕ್ಕ.

ಚಿಕಿತ್ಸೆ ಶುರುವಾಗುವುದು ಚಾಕುವಿನಿಂದಲ್ಲ. ಹೆಬ್ಬೆರಳ ಬುಡ ಹಿಡಿದಿಡುವ ಸಣ್ಣ ಸ್ಪ್ಲಿಂಟ್ ಕೆಲವು ವಾರ, ಬೇಕಾದರೆ ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು, ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳುವುದು, ಇವುಗಳಲ್ಲೇ ಎಷ್ಟೋ ಮಂದಿ ವರ್ಷಗಟ್ಟಲೆ ನಿಭಾಯಿಸುತ್ತಾರೆ. ಇಷ್ಟಾದರೂ ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಎರಡು ದಾರಿಗಳಿವೆ. ಮೊದಲನೆಯದು ಹೆಬ್ಬೆರಳ ಬುಡದಲ್ಲಿರುವ ಟ್ರಪೀಜಿಯಂ ಎಂಬ ಗಡ್ಡೆಯಂಥ ಎಲುಬನ್ನು ತುಂಡುತುಂಡಾಗಿ ಪೂರ್ತಿ ತೆಗೆಯುವುದು. ಹಾಗೆ ತೆಗೆದಾಗ ಉಳಿಯುವ ಗುಳಿಯಲ್ಲಿ ಅದೇ ಕೈಯ ಸ್ನಾಯುರಜ್ಜುವಿನ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಅರ್ಧ ಸೀಳನ್ನು ಸುತ್ತಿ ಇಡುವ ಪದ್ಧತಿಯೂ ಇದೆ. ಆದರೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಬರೇ ಎಲುಬು ತೆಗೆದದ್ದಕ್ಕಿಂತ ಅದು ಹೆಚ್ಚಿನದೇನನ್ನೂ ಕೊಟ್ಟದ್ದು ಕಂಡಿಲ್ಲ. ಇಲ್ಲಿ ಜಾಗ್ರತೆ ಬೇಕಾದ್ದು ಹೆಬ್ಬೆರಳ ಪಕ್ಕದಲ್ಲೇ ಹಾಯುವ ರಕ್ತನಾಳ ಮತ್ತು ಚರ್ಮದಡಿಯ ತೆಳು ನರದ ಎಳೆಗಳಿಗೆ. ಆ ನರ ಎಳೆದು ನೊಂದರೆ ಕೀಲಿನ ನೋವು ಹೋಗಿ ಸುಡುವ ನೋವು ಬರುತ್ತದೆ. ನಾಲ್ಕು ವಾರ ಪ್ಲಾಸ್ಟರ್, ಆಮೇಲೆ ಕಳಚಿ ಹಾಕುವ ಸ್ಪ್ಲಿಂಟ್. ನೋವು ಮೂರು ತಿಂಗಳಲ್ಲಿ ಬಹಳ ಇಳಿದರೂ ಚಿವುಟುವ ಬಲ ಮರಳಲು ಆರರಿಂದ ಹನ್ನೆರಡು ತಿಂಗಳು ಬೇಕು.

ಎರಡನೆಯದು ಸೊಂಟದ ಕೀಲಿನಂತೆಯೇ ಬಟ್ಟಲು ಮತ್ತು ಗುಂಡಿನ ಸಣ್ಣ ಇಂಪ್ಲಾಂಟ್. ಬಟ್ಟಲು ಟ್ರಪೀಜಿಯಂ ಒಳಗೆ, ಕಾಂಡ ಹೆಬ್ಬೆರಳ ಮೂಳೆಯೊಳಗೆ. ಯುರೋಪಿನಲ್ಲಿ ಇದರ ಬಳಕೆ ಹೆಚ್ಚು. ಕೈ ಬೇಗ ಕೆಲಸಕ್ಕೆ ಬರುತ್ತದೆ ಎಂಬುದು ಲಾಭ. ಬಟ್ಟಲು ಸಡಿಲಾಗುವುದು, ಗುಂಡು ಜಾರುವುದು ತೊಡಕು. ಟ್ರಪೀಜಿಯಂ ಸವೆದು ತೆಳುವಾಗಿದ್ದರೆ ಬಟ್ಟಲಿಗೆ ಕೂರಲು ಜಾಗವೇ ಇರುವುದಿಲ್ಲ. ಇದು ಕೆಟ್ಟರೂ ಎಲುಬು ತೆಗೆಯುವ ಮೊದಲ ದಾರಿ ಉಳಿದೇ ಇರುತ್ತದೆ ಎಂಬುದು ಸಮಾಧಾನದ ಮಾತು. ಹಿಂದೊಮ್ಮೆ ಟ್ರಪೀಜಿಯಂ ಬದಲಿಗೆ ಇಡೀ ಸಿಲಿಕಾನ್ ಗಡ್ಡೆಯನ್ನೇ ಇಡುತ್ತಿದ್ದರು. ಒತ್ತಡಕ್ಕೆ ಅದು ಪುಡಿಯಾಗಿ, ಆ ಪುಡಿಗೆ ಸುತ್ತಲಿನ ಎಲುಬು ಕರಗುವುದು ಕಂಡ ಮೇಲೆ ಆ ಪದ್ಧತಿ ಹಿಂದೆ ಸರಿಯಿತು.

ಸಿಲಿಕಾನ್ ನಿಜಕ್ಕೂ ಗೆದ್ದದ್ದು ಬೆರಳ ಬುಡದ ಗಂಟುಗಳಲ್ಲಿ, ಅಂದರೆ ಮುಷ್ಟಿ ಹಿಡಿದಾಗ ಎದ್ದು ಕಾಣುವ ಗುಬ್ಬಿಗಳಲ್ಲಿ. ಕೀಲಿನ ಒಳಪೊರೆ ಊದಿ ಗಂಟು ಕೆಡಿಸುವ ಆಮವಾತದವರಲ್ಲಿ (ರುಮಟಾಯ್ಡ್ ಆರ್ಥ್ರೈಟಿಸ್) ಈ ಗಂಟುಗಳು ಜಾರಿ, ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ಗಾಳಿಗೆ ಬಾಗಿದ ತೆನೆಯಂತೆ ಒರಗುತ್ತವೆ. ಕೈ ತೆರೆಯುವುದಿಲ್ಲ, ಚೊಂಬು ಅಂಗೈಯೊಳಗೆ ಬರುವುದಿಲ್ಲ. ಅಮೆರಿಕದ ಮಿಷಿಗನ್‌ನ ಆಲ್ಫ್ರೆಡ್ ಸ್ವಾನ್ಸನ್ 1960ರ ದಶಕದಲ್ಲಿ ರೂಪಿಸಿದ ಒಂದೇ ತುಂಡಿನ ಸಿಲಿಕಾನ್ ಕೀಲು ಇಂದಿಗೂ ಇಂಥ ಕೈಗಳಿಗೆ ಮೊದಲ ಆಯ್ಕೆ. ನಡುವೆ ಬಾಗುವ ಭಾಗ, ಎರಡೂ ಬದಿಗೆ ಚೂಪಾಗುತ್ತಾ ಹೋಗುವ ಕಾಂಡ, ಅಷ್ಟೇ. ಅದನ್ನು ಎಲುಬಿಗೆ ಅಂಟಿಸುವುದಿಲ್ಲ, ಸ್ಕ್ರೂ ಹಾಕುವುದಿಲ್ಲ. ಬೆರಳು ಮಡಚಿ ಬಿಡಿಸುವಾಗ ಕಾಂಡಗಳು ಎಲುಬಿನ ಕೊಳವೆಯೊಳಗೆ ತುಸು ಹಿಂದೆ ಮುಂದೆ ಜಾರುತ್ತವೆ, ಜಾರಲೇಬೇಕು. ನಿಜವಾದ ಕೀಲನ್ನು ಕಟ್ಟುವುದು ದೇಹ. ಸಿಲಿಕಾನ್ ಸುತ್ತ ಕೆಲವು ವಾರಗಳಲ್ಲಿ ಗಟ್ಟಿ ಪೊರೆ ಬೆಳೆಯುತ್ತದೆ, ಆ ಪೊರೆಯೇ ಮುಂದೆ ಬೆರಳನ್ನು ನೇರ ಹಿಡಿಯುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಕೈಯ ಹಿಂಬದಿಯಲ್ಲಿ ಗೆರೆ ಕೊಯ್ದು, ರಕ್ತ ವಾಪಸು ಒಯ್ಯುವ ಸಿರೆಗಳನ್ನು ಉಳಿಸಿಕೊಂಡು, ಊದಿದ ಒಳಪೊರೆ ತೆಗೆದು, ಅಂಗೈ ಮೂಳೆಯ ತಲೆಯನ್ನು ಅದರ ಕುತ್ತಿಗೆಯ ಹತ್ತಿರ ಅಡ್ಡಕ್ಕೆ ಕತ್ತರಿಸುತ್ತೇವೆ. ಕಿರುಬೆರಳ ಬದಿಯ ಬಿಗಿದ ಸ್ನಾಯುಗಳನ್ನು ಸಡಿಲಿಸದಿದ್ದರೆ ಎಂಥ ಇಂಪ್ಲಾಂಟ್ ಇಟ್ಟರೂ ಬೆರಳು ಮತ್ತೆ ವಾಲುತ್ತದೆ. ಕೊಳವೆಯನ್ನು ಸಣ್ಣ ರಂದದಿಂದ ಚೌಕಕ್ಕೆ ತರಬೇಕು, ಗುಂಡಾದರೆ ಕಾಂಡ ಒಳಗೇ ತಿರುಗುತ್ತದೆ. ಪರೀಕ್ಷೆಗೆಂದೇ ಇರುವ ಬಣ್ಣದ ಮಾದರಿಗಳನ್ನು ಇಟ್ಟು ನೋಡಿ ಹಿಡಿಯುವಷ್ಟು ದೊಡ್ಡದನ್ನು ಆರಿಸಬೇಕು. ಬೆರಳು ನೇರ ಮಾಡಿದಾಗ ಎಲುಬಿನ ಅಂಚುಗಳು ನಡುವಿನ ಭಾಗವನ್ನು ಹಿಚುಕಿದರೆ ಎಲುಬು ಇನ್ನೊಂದಿಷ್ಟು ಕತ್ತರಿಸಬೇಕು, ಇಂಪ್ಲಾಂಟ್ ಒತ್ತಿ ತುರುಕಬಾರದು. ಸಿಲಿಕಾನ್ ಧೂಳು, ನೂಲಿನ ಎಳೆ ಎರಡನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಪೊಟ್ಟಣ ತೆರೆದ ಮೇಲೆ ಬೆರಳಿನಿಂದ ಮುಟ್ಟದೆ, ಹಲ್ಲಿಲ್ಲದ ನಯ ಚಿಮಟದಲ್ಲೇ ಎತ್ತಿ ಕೂರಿಸುವುದು. ಒಂದು ಸಣ್ಣ ಗೀರು ಬಿದ್ದರೂ ಸಾಕು, ಸಾವಿರಾರು ಬಾರಿ ಮಡಚಿದ ಮೇಲೆ ಅಲ್ಲಿಂದಲೇ ಹರಿಯುತ್ತದೆ. ಕೊನೆಗೆ ಬೆರಳೆತ್ತುವ ರಜ್ಜುವನ್ನು ಜಾರಿದ ಕಡೆಯಿಂದ ಎಳೆದು ಗುಬ್ಬಿಯ ನೆತ್ತಿಗೆ ತಂದು ಹೊಲಿಯಬೇಕು.

ಇಷ್ಟಾದ ಮೇಲೂ ಕೆಲಸ ಅರ್ಧವಷ್ಟೇ ಮುಗಿದಂತೆ. ಮೂರರಿಂದ ಐದನೇ ದಿನಕ್ಕೆ ದಪ್ಪ ಬ್ಯಾಂಡೇಜ್ ಬಿಚ್ಚಿ, ಕೈಯ ಹಿಂಬದಿಗೆ ರಬ್ಬರ್ ಎಳೆಗಳ ಸ್ಪ್ಲಿಂಟ್ ಕಟ್ಟುತ್ತಾರೆ. ಎಳೆಗಳು ಬೆರಳನ್ನು ಮೇಲಕ್ಕೆ, ಜತೆಗೆ ಹೆಬ್ಬೆರಳ ಕಡೆಗೆ ಎಳೆದು ಹಿಡಿದಿರಬೇಕು. ಗಂಟೆಗೊಮ್ಮೆ ಹತ್ತು ಸಲ ಬುಡದ ಗಂಟಿನಿಂದಲೇ ಮಡಚಿ, ಬಿಡಿಸುವ ಕೆಲಸವನ್ನು ರಬ್ಬರಿಗೆ ಬಿಡಬೇಕು. ಇದು ಆರು ವಾರ ಹಗಲಿಡೀ, ಆಮೇಲೆ ರಾತ್ರಿಯ ಸ್ಪ್ಲಿಂಟ್ ಮೂರು ತಿಂಗಳ ತನಕ. ಪೊರೆ ಗಟ್ಟಿಯಾಗುವ ಕಾಲವೇ ಇದು. ಈ ಆರು ವಾರ ಬೆರಳು ಯಾವ ದಾರಿಯಲ್ಲಿ ಓಡಾಡಿತೋ ಆ ದಾರಿಯಲ್ಲೇ ಪೊರೆ ಅಚ್ಚಾಗುತ್ತದೆ. ಎರಡನೇ ವಾರ ಹೊಲಿಗೆ ಬಿಚ್ಚಿಸಿ ಮತ್ತೆ ಆರನೇ ವಾರಕ್ಕೆ ಬಂದವರ ಬೆರಳು ಬಿಗಿದಿರುತ್ತದೆ, ಇಲ್ಲವೇ ವಾಲಿರುತ್ತದೆ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಮುಳ್ಳೇರಿಯದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರಲು ಒಂದು ದಿನ ಬೇಕು ಎಂಬುದು ಗೊತ್ತಿದ್ದೇ ಹೇಳುತ್ತೇನೆ: ವಾರಕ್ಕೊಂದು ಸಲದಂತೆ ಆರು ಭೇಟಿಗೆ ವ್ಯವಸ್ಥೆ ಆಗದಿದ್ದರೆ ಶಸ್ತ್ರಚಿಕಿತ್ಸೆಯ ದಿನವನ್ನೇ ಮುಂದಕ್ಕೆ ಹಾಕಿ. ಅಡಿಕೆ ಸುಲಿದು ಮುಗಿದು, ಮಳೆ ಹಿಡಿದ ಮೇಲಿನ ತಿಂಗಳುಗಳು ಒಳ್ಳೆಯವು. ಅಂಗಳದಲ್ಲಿ ರಾಶಿ ಇರುವಾಗ ಕೈ ಸುಮ್ಮನಿರುವುದಿಲ್ಲ. ಆದರೆ ಮಳೆಗಾಲದಲ್ಲಿ ಸ್ಪ್ಲಿಂಟ್ ಒಳಗೆ ಚರ್ಮ ನೆನೆದು ಬೆಳ್ಳಗಾಗುತ್ತದೆ. ಥೆರಪಿಸ್ಟ್ ಹೇಳಿಕೊಟ್ಟಂತೆ ಬಿಚ್ಚಿ, ಹತ್ತಿಯ ಒಳಗವಸು ದಿನವೂ ಬದಲಿಸಿ, ಸ್ಪ್ಲಿಂಟನ್ನು ತಣ್ಣೀರು ಸಾಬೂನಿನಲ್ಲಿ ತೊಳೆದು ಒರೆಸಿ. ಬಚ್ಚಲೊಲೆಯ ಪಕ್ಕ ಒಣಗಿಸಬೇಡಿ. ಈ ಪ್ಲಾಸ್ಟಿಕ್ ಅರುವತ್ತು ಎಪ್ಪತ್ತು ಡಿಗ್ರಿ ಬಿಸಿಗೇ ಮೆತ್ತಗಾಗುವಂಥದ್ದು. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೂ ಬಾಗಿಬಿಡುತ್ತದೆ. ಬಾಗಿದ್ದನ್ನು ಮನೆಯಲ್ಲೇ ಒತ್ತಿ ನೇರ ಮಾಡಿಕೊಂಡರೆ ಎಳೆಯುವ ಕೋನ ತಪ್ಪುತ್ತದೆ. ವ್ಯಾಯಾಮದ ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಕನ್ನಡದಲ್ಲಿ ಬರೆದುಕೊಡಲು ಕೇಳಿ. ನಾಚಿಕೆಪಡುವ ವಿಷಯವಲ್ಲ ಇದು.

ಸಿಗುವುದೆಷ್ಟು? ಬುಡದ ಗಂಟಿನಲ್ಲಿ ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸಿನ ಚಲನೆ. ನೋವು ಹೋಗುತ್ತದೆ, ಕೈ ತೆರೆಯುತ್ತದೆ, ಅನ್ನ ಕಲಸಿ ಬಾಯಿಗಿಡಲು ಬೆರಳುಗಳು ಒಟ್ಟುಗೂಡುತ್ತವೆ. ಹಿಡಿತದ ಬಲ ಮಾತ್ರ ಹೆಚ್ಚೇನೂ ಏರುವುದಿಲ್ಲ. ವರ್ಷಗಳ ಮೇಲೆ ಎಕ್ಸ್‌ರೇಯಲ್ಲಿ ಸಿಲಿಕಾನ್ ತುಂಡಾದದ್ದು ಕಂಡರೆ ಗಾಬರಿ ಬೇಡ. ಪೊರೆ ಗಟ್ಟಿಯಿದ್ದರೆ ತುಂಡಾದ ಕೀಲೂ ಕೆಲಸ ಮಾಡುತ್ತದೆ, ನೋವೋ ಓರೆಯೋ ಮರಳಿದರೆ ಮಾತ್ರ ಬದಲಿಸುವ ಯೋಚನೆ. ಪೈರೋಕಾರ್ಬನ್ ಎಂಬ ಕಪ್ಪು, ಗಟ್ಟಿ ವಸ್ತುವಿನ ಎರಡು ತುಂಡಿನ ಕೀಲೂ ಇದೆ. ಸುತ್ತಲಿನ ಕಟ್ಟುಗಳು ಗಟ್ಟಿಯಾಗಿರುವ ಸವೆತದ ಕೈಗೆ ಅದು ಒಗ್ಗುತ್ತದೆ, ಆಮವಾತದ ಸಡಿಲ ಕೈಗೆ ಅಲ್ಲ.

ಬೆರಳ ನಡು ಗಂಟಿನಲ್ಲಿ ಕಿರುಬೆರಳು, ಉಂಗುರ ಬೆರಳಿಗೆ ಸಿಲಿಕಾನ್ ಸರಿ. ತೋರುಬೆರಳಿಗೆ ನಾನು ಬೆಸೆಯುವುದನ್ನೇ ಹೇಳುತ್ತೇನೆ, ಯಾಕೆಂದರೆ ಹೆಬ್ಬೆರಳು ಅದನ್ನು ಪಕ್ಕದಿಂದ ಒತ್ತುತ್ತಲೇ ಇರುತ್ತದೆ. ತುದಿ ಗಂಟಿಗೂ ಬೆಸುಗೆಯೇ.

ಮಣಿಕಟ್ಟಿನ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಮಣಿಕಟ್ಟಿಗೆ ಕೃತಕ ಕೀಲಿನ ಯೋಚನೆ ಹೊಸದಲ್ಲ, ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ 1890ರಲ್ಲೇ ಆನೆದಂತದ ಕೀಲು ಇಟ್ಟಿದ್ದರು. ಇಂದಿನ ಲೋಹ ಮತ್ತು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಕೀಲುಗಳು ಬಹಳ ಸುಧಾರಿಸಿದರೂ ಅಂಗೈ ಬದಿಯ ತುಂಡು ಸಡಿಲಾಗುವ ತೊಂದರೆ ಉಳಿದೇ ಇದೆ. ಅಲ್ಲಿರುವುದು ಸಣ್ಣ ಸಣ್ಣ ಎಲುಬುಗಳು, ಸ್ಕ್ರೂ ಕಚ್ಚಿ ಹಿಡಿಯಲು ಆಸರೆ ಕಡಿಮೆ. ಆದ್ದರಿಂದ ಈ ಕೀಲು ಹಾಕಿಸಿಕೊಂಡವರು ಜೀವನಪೂರ್ತಿ ಆ ಕೈಯಲ್ಲಿ ಪದೇ ಪದೇ 1 ಕಿಲೋ, ಅಪರೂಪಕ್ಕೆ 5 ಕಿಲೋ, ಅದಕ್ಕಿಂತ ಹೆಚ್ಚು ಎತ್ತಬಾರದು ಎನ್ನುತ್ತೇವೆ. ನೀರು ತುಂಬಿದ ಕೊಡಪಾನ ಇದಕ್ಕಿಂತ ಎಷ್ಟೋ ಭಾರ. ಮೆಟ್ಟುಕತ್ತಿಯ ಮುಂದೆ ಕೂತು ಚಾಲಿ (ಒಣಗಿಸಿದ ಅಡಿಕೆ) ಸುಲಿಯುವವರಿಗೆ, ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ, ಊರುಗೋಲು ಹಿಡಿದು ನಡೆಯುವವರಿಗೆ ಇದು ಬೇಡ. ಅವರಿಗೆ ಪ್ಲೇಟ್ ಹಾಕಿ ಮಣಿಕಟ್ಟು ಬೆಸೆಯುವುದೇ ಬಾಳಿಕೆಯ ಉಪಾಯ.

ಬೆಸೆಯುವ ಕೋನದ ಬಗ್ಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಬಾಯಿಬಿಟ್ಟು ಮಾತಾಡಿ. ಪುಸ್ತಕದ ಲೆಕ್ಕದಲ್ಲಿ ಮಣಿಕಟ್ಟನ್ನು 10–15 ಡಿಗ್ರಿ ಹಿಂದಕ್ಕೆ ಬಾಗಿಸಿ ಬೆಸೆಯುತ್ತಾರೆ, ಬಲವಾಗಿ ಹಿಡಿಯಲು ಅದು ಸರಿ. ಆದರೆ ನಮ್ಮಲ್ಲಿ ಶೌಚಕ್ಕೆ ಎಡಗೈ, ನೀರು. ಹಿಂದಕ್ಕೆ ಬಾಗಿ ನಿಂತ ಎಡ ಮಣಿಕಟ್ಟು ಅಲ್ಲಿಗೆ ಮುಟ್ಟುವುದಿಲ್ಲ. ಎಡಗೈಯನ್ನು ನೇರವಾಗಿ ಇಲ್ಲವೇ ತುಸು ಮುಂದಕ್ಕೆ ಬಾಗಿಸಿ ಬೆಸೆದರೆ ಸಾವಿರ ತೊಂದರೆ ತಪ್ಪುತ್ತದೆ. ಇದನ್ನು ಹೇಳಲು ಹೆಂಗಸರು ಸಂಕೋಚಪಡುತ್ತಾರೆ, ಕೇಳಲು ವೈದ್ಯರು ಮರೆಯುತ್ತಾರೆ. ಎರಡೂ ಮಣಿಕಟ್ಟು ಹಾಳಾಗಿದ್ದರೆ ಒಂದನ್ನಾದರೂ ಬಾಗುವಂತೆ ಉಳಿಸಿಕೊಳ್ಳಬೇಕು. ಮಣಿಕಟ್ಟು, ಬೆರಳು ಎರಡೂ ಓರೆಯಾಗಿದ್ದರೆ ಮಣಿಕಟ್ಟೇ ಮೊದಲು: ಬುಡ ಸೊಟ್ಟಗಿದ್ದರೆ ನೇರ ಮಾಡಿದ ಬೆರಳು ಮತ್ತೆ ವಾಲುತ್ತದೆ.

ಆಮವಾತದವರು ತಡಮಾಡಬಾರದ ಒಂದು ಲಕ್ಷಣವಿದೆ. ಬೆಳಿಗ್ಗೆ ಎದ್ದಾಗ ನೋವೇ ಇಲ್ಲದೆ ಕಿರುಬೆರಳು ಮಾತ್ರ ನೇರವಾಗದೆ ಜೋತುಬಿದ್ದಿರುತ್ತದೆ. ನಮ್ಮ ಕಡೆ ಇದಕ್ಕೆ ನರ ಎಳೆದುಕೊಂಡದ್ದು ಎನ್ನುತ್ತಾರೆ. ಕಡಿದಿರುವುದು ನರವಲ್ಲ, ರಜ್ಜು. ಮಣಿಕಟ್ಟಿನ ಹೊರಬದಿಯಲ್ಲಿ ಎದ್ದು ನಿಂತ, ಮುಂಗೈಯ ಕಿರುಬೆರಳ ಬದಿಯ ಅಲ್ನಾ ಎಲುಬಿನ ತಲೆ ಗರಗಸದಂತೆ ಉಜ್ಜಿ ಅದನ್ನು ಕಡಿದಿರುತ್ತದೆ. ಎಣ್ಣೆ ತಿಕ್ಕುತ್ತಾ ಕೂತರೆ ವಾರಗಳಲ್ಲೇ ಉಂಗುರ ಬೆರಳಿನದ್ದೂ ಹೋಗಬಹುದು. ಒಂದು ರಜ್ಜು ಜೋಡಿಸುವುದು ಸುಲಭ, ಮೂರು ಹೋದ ಮೇಲೆ ಬೇರೆ ಕಡೆಯಿಂದ ಎರವಲು ತರಬೇಕು.

ದಿನ ನಿಗದಿಯಾದ ಮೇಲೆ ಕೆಲವು ಮಾತು. ಆಮವಾತದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಸಾಮಾನ್ಯವಾಗಿ ಮುಂದುವರಿಸುತ್ತೇವೆ. ಅದೇ ರೋಗಕ್ಕೆ ಕೊಡುವ ಬಯಾಲಾಜಿಕ್ ಎಂಬ ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಮುಂದಿನ ಡೋಸಿನ ಸಮಯಕ್ಕೆ ಹೊಂದಿಸಿ ದಿನ ಗೊತ್ತುಮಾಡುತ್ತೇವೆ. ಬಹುಕಾಲದ ಆಮವಾತವಿದ್ದರೆ ಕತ್ತಿನ ಎಕ್ಸ್‌ರೇ ಕೇಳಿ ತೆಗೆಸಿ, ಅರಿವಳಿಕೆಗೆ ಕತ್ತು ಬಾಗಿಸುವಾಗ ಅಲ್ಲಿಯ ಸಡಿಲ ಎಲುಬು ಅಪಾಯ ತರಬಹುದು. ಸಕ್ಕರೆ ಹತೋಟಿಗೆ ಬರಲಿ, ಬೀಡಿ ಸೇದುವುದು ನಾಲ್ಕು ವಾರ ಮೊದಲೇ ನಿಲ್ಲಲಿ. ಇಂಪ್ಲಾಂಟ್ ಪೊಟ್ಟಣದ ಮೇಲಿನ ಸ್ಟಿಕ್ಕರಿನಲ್ಲಿ ಅದರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುತ್ತವೆ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಲು ಕೇಳಿ, ರೇಷನ್ ಕಾರ್ಡಿನ ಜತೆ ಜೋಪಾನವಾಗಿಡಿ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಬೇರೆಯವರು ಆ ಕೈ ತೆರೆಯಬೇಕಾಗಿ ಬಂದರೆ ಒಳಗೆ ಏನಿದೆ, ಯಾವ ಅಳತೆಯದ್ದು ತರಿಸಬೇಕು ಎಂದು ಅವರಿಗೆ ತಿಳಿಯುವುದು ಆ ಚೀಟಿಯಿಂದ.