ಬಸುರಿಯ ಲಿವರ್‌ನಲ್ಲಿ ಕೊಬ್ಬು: ಕಾರಣ ಗೊತ್ತಾಗುವ ಮುಂಚೆ ಸಿಕ್ಕ ಚಿಕಿತ್ಸೆ

ಫ್ಯಾಟಿ ಲಿವರ್ ಅಂದರೆ ಈಗ ನೆನಪಾಗುವುದು ಬೊಜ್ಜು, ಸಕ್ಕರೆ ಕಾಯಿಲೆ, ಸ್ಕ್ಯಾನಿಂಗ್ ರಿಪೋರ್ಟಿನ 'ಗ್ರೇಡ್ 1'. ಅದು ಸಿರೋಸಿಸ್‌ಗೆ, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಸ್ಥಿತಿಗೆ, ತಿರುಗಲು ವರ್ಷಗಳೇ ಬೇಕು. ಆದರೆ ಬಸುರಿನ ಕೊನೆಯ ಮೂರು ತಿಂಗಳಲ್ಲಿ, ಅಪರೂಪಕ್ಕೆ, ದಿಢೀರನೆ ಬರುವ ಇನ್ನೊಂದು ಫ್ಯಾಟಿ ಲಿವರ್ ಇದೆ. ವಾಂತಿ, ಹೊಟ್ಟೆನೋವು, ವಿಪರೀತ ಬಾಯಾರಿಕೆಯಿಂದ ಶುರುವಾಗಿ ಕೆಲವೇ ದಿನಗಳಲ್ಲಿ ಲಿವರ್ ಕೈಕೊಡುತ್ತದೆ.

ಇಂಥ ಸಾವುಗಳಲ್ಲಿ ಕೆಲವನ್ನು ಹಿಂದೆ ಹೆರಿಗೆಯಲ್ಲಿ ನೋವು ತಿಳಿಯದಿರಲೆಂದು ಕೊಡುತ್ತಿದ್ದ ಕ್ಲೋರೋಫಾರ್ಮ್‌ನ ತಲೆಗೆ ಕಟ್ಟಲಾಗುತ್ತಿತ್ತು. 1940ರಲ್ಲಿ ಗ್ಲ್ಯಾಸ್ಗೋದ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ ಎರಡನ್ನೂ ಬೇರ್ಪಡಿಸಿದರು. ಕ್ಲೋರೋಫಾರ್ಮ್ ಲಿವರ್ ಕೋಶಗಳನ್ನು ಕೊಲ್ಲುತ್ತದೆ. ಇಲ್ಲಿ ಕೋಶಗಳ ತುಂಬ ಕೊಬ್ಬಿನ ಸಣ್ಣ ಸಣ್ಣ ಹನಿಗಳು. ಮಾಮೂಲಿ ಬಯಾಪ್ಸಿ ಸಿದ್ಧಪಡಿಸುವಾಗ ಈ ಕೊಬ್ಬು ಕರಗಿಹೋಗುತ್ತದೆ. ಹೆಪ್ಪುಗಟ್ಟಿಸಿದ ತುಣುಕಿಗೆ ವಿಶೇಷ ಬಣ್ಣ ಹಾಕಿದರಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

1970ರ ದಶಕದವರೆಗೂ ವರದಿಯಾದ ತಾಯಂದಿರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಕಾಯಿಲೆ ಗುರುತಾಗುತ್ತಿದ್ದುದೇ ಕೈಮೀರಿದ ಮೇಲೆ, ಎಷ್ಟೋ ಸಲ ಮರಣೋತ್ತರ ಪರೀಕ್ಷೆಯಲ್ಲಿ. ಆಮೇಲೆ ಬದಲಾದದ್ದು ಔಷಧಿಯಲ್ಲ, ನಿರ್ಧಾರ: ಅನುಮಾನ ಬಂದರೆ ಕಾಯದೆ ಹೆರಿಗೆ ಮಾಡಿಸುವುದು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 57 ತಾಯಂದಿರ ಪೈಕಿ ತೀರಿಕೊಂಡದ್ದು ಒಬ್ಬರು. ಅಲ್ಲಿ ಲಕ್ಷ ಹೆರಿಗೆಗೆ ಸುಮಾರು 5 ಮಂದಿಗೆ ಇದು ಬಂದಿತ್ತು.

ಹೆರಿಗೆಯಾದರೆ ತಾಯಿ ಚೇತರಿಸಿಕೊಳ್ಳುವುದೇಕೆ? ಉತ್ತರದ ಒಂದು ಭಾಗ 1990ರ ದಶಕದಲ್ಲಿ ಸಿಕ್ಕಿತು, ಅದೂ ಮಕ್ಕಳ ವೈದ್ಯರ ಕಡೆಯಿಂದ. ಕೆಲವು ಪ್ರಕರಣಗಳಲ್ಲಿ ದೋಷವಿದ್ದದ್ದು ಹೊಟ್ಟೆಯಲ್ಲಿದ್ದ ಮಗುವಿನ ಜೀನ್‌ನಲ್ಲಿ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ಒಡೆಯಲು ಬೇಕಾದ ಕಿಣ್ವ ಆ ಮಗುವಿನಲ್ಲಿ ಕೆಲಸ ಮಾಡುವುದಿಲ್ಲ. ಮಗು, ಮಾಸುಗಳಿಂದ ಬರುವ ಅರೆಬರೆ ಒಡೆದ ಕೊಬ್ಬಿನ ಹೊರೆ ತಾಯಿಯ ಲಿವರ್ ಮೇಲೆ ಬೀಳುತ್ತದೆ ಎಂಬುದು ಈಗಿನ ವಿವರಣೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬಸುರಿಯ ಕಣ್ಣು ಹಳದಿಯಾದರೆ ಭಾರತದಲ್ಲಿ ಮೊದಲು ಅನುಮಾನಿಸಬೇಕಾದವುಗಳಲ್ಲಿ ಒಂದು ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಇ. 1955-56ರಲ್ಲಿ ದಿಲ್ಲಿಯನ್ನು ಕಾಡಿದ ಕಾಮಾಲೆಯೂ ಅದೇ. ಅದರಲ್ಲಿ ಬೇಗ ಹೆರಿಗೆ ಮಾಡಿಸಿದರೆ ಲಾಭವೆಂದು ಸಾಬೀತಾಗಿಲ್ಲ. ಬಸುರಿನ ಫ್ಯಾಟಿ ಲಿವರ್‌ನಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ. ರಕ್ತದ ಸಕ್ಕರೆ ಕುಸಿದಿದ್ದರೆ, ಯೂರಿಕ್ ಆಮ್ಲ ಏರಿದ್ದರೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದ್ದರೆ ವೈದ್ಯರು ಫ್ಯಾಟಿ ಲಿವರ್ ಕಡೆ ವಾಲುತ್ತಾರೆ. ಇಂಥ ಹೊತ್ತಲ್ಲಿ ನಾಟಿ ಔಷಧಿಗೆಂದು ನಾಲ್ಕು ದಿನ ಕಳೆಯುವುದು ಶುದ್ಧ ಹುಚ್ಚುತನ.

ಬದುಕಿದ ತಾಯಿಯ ಲಿವರ್ ಸಾಮಾನ್ಯವಾಗಿ ಪೂರ್ತಿ ಸರಿಹೋಗುತ್ತದೆ, ಸಿರೋಸಿಸ್ ಉಳಿಯುವುದಿಲ್ಲ. ಮಗುವಿಗೆ ಮಾತ್ರ ಆ ಕಿಣ್ವದ ಪರೀಕ್ಷೆ ಮಾಡಿಸಲೇಬೇಕು: ಕೊರತೆಯಿದ್ದರೆ ಹೆಚ್ಚು ಹೊತ್ತು ಹಸಿದಿದ್ದರೂ ಅದರ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ.